ಅಪ್ಪ ಅಮ್ಮ ಬರುತ್ತಿದ್ದಾರೆ, ಪಕ್ಕಾ ಅಮೆರಿಕನ್ ಊಟ ಅಂದ್ರೆ ಏನು ತಿನ್ನಿಸಲಿ? ಅನುಭವ ಇದ್ದವರು ಹೇಳಿ

ಎಡಿಸನ್ ಹುಡುಗಿ: ನವೆಂಬರ್‌ನಲ್ಲಿ ಅಪ್ಪ ಅಮ್ಮ ತುಮಕೂರಿನಿಂದ ನ್ಯೂಜೆರ್ಸಿಗೆ ಬರುತ್ತಿದ್ದಾರೆ. ಅಮ್ಮ ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಅಪ್ಪ ಈಚೆಗೆ ಆಮ್ಲೆಟ್‌ವರೆಗೆ ಬಂದಿದ್ದಾರೆ. ಫೋನಲ್ಲೇ ಹೇಳಿಬಿಟ್ಟಿದ್ದಾರೆ, "ದೋಸೆ ತಿನ್ನೋಕೆ ಅಷ್ಟು ದೂರ ಬರಬೇಕಾ? ಪಿಜ್ಜಾ ಬರ್ಗರ್ ತುಮಕೂರಲ್ಲೂ ಇದೆ. ಆ ಜನ ಮನೇಲಿ ಏನು ತಿಂತಾರೋ ಅದನ್ನ ತಿನ್ನಿಸು" ಅಂತ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕೂಡ ಆಗಲೇ ಬರುತ್ತದೆ. ಏನು ಮಾಡಲಿ?

ಆಸ್ಟಿನ್ ಹೊಗೆಮನೆ: ಬ್ರಿಸ್ಕೆಟ್, ಅಂದ್ರೆ ದನದ ಎದೆ ಭಾಗದ ಮಾಂಸ. ಬೇರೆ ಮಾತೇ ಇಲ್ಲ. 2019ರಲ್ಲಿ 400 ಡಾಲರ್ ಕೊಟ್ಟು ಸ್ಮೋಕರ್, ಹೊಗೆಯಲ್ಲಿ ಮಾಂಸ ಬೇಯಿಸೋ ಒಲೆ, ತಂದೆ, ಹೆಂಡತಿ ಒಂದು ವಾರ ಮಾತಾಡಲಿಲ್ಲ. ಮೊದಲ ಸಲ 14 ಪೌಂಡಿನ ತುಂಡು, 62 ಡಾಲರ್. ಮೇಲೆ ಉಪ್ಪು, ಕಾಳುಮೆಣಸು, ಅಷ್ಟೇ. ಟೆಕ್ಸಾಸಿಗೆ ಬಂದು ನೆಲೆಸಿದ ಜರ್ಮನ್, ಚೆಕ್ ಜನರ ಮಾಂಸದಂಗಡಿಗಳಲ್ಲಿ ಬೆಳೆದ ಪದ್ಧತಿ ಇದು. ಬೆಳಗಿನ ಜಾವ ನಾಲ್ಕಕ್ಕೆ ಓಕ್ ಸೌದೆ ಹಚ್ಚಿ 225 ಡಿಗ್ರಿ ಫ್ಯಾರನ್‌ಹೀಟ್‌ಗೆ ತಂದೆ. ಮಧ್ಯಾಹ್ನ ಮಾಂಸದ ಒಳಗಿನ ಬಿಸಿ 160ಕ್ಕೆ ಬಂದು ನಿಂತುಬಿಟ್ಟಿತು, ನಾಲ್ಕು ಗಂಟೆ ಅಲ್ಲಾಡಲಿಲ್ಲ. ತೇವ ಆವಿಯಾಗುತ್ತಾ ಮಾಂಸವನ್ನು ತಣ್ಣಗೆ ಮಾಡುತ್ತಿರುತ್ತದೆ, ಅದಕ್ಕೇ ಹಾಗೆ ಅಂತ ಆಮೇಲೆ ತಿಳಿಯಿತು. ಆವತ್ತು ಮಾತ್ರ ಥರ್ಮಾಮೀಟರ್ ಕೆಟ್ಟಿದೆ ಅಂದುಕೊಂಡು ಓಡಿಹೋಗಿ 35 ಡಾಲರಿನ ಇನ್ನೊಂದು ತಂದೆ. ಅದೂ 160 ಅಂದಿತು. 203 ಆಗುವಾಗ ರಾತ್ರಿ ಹತ್ತೂವರೆ. ಏಳಕ್ಕೆ ಬಂದಿದ್ದ ನೆಂಟರು ಚಿಪ್ಸ್ ತಿಂದು ಮನೆಗೆ ಹೋಗಿದ್ದರು. ಈಗ ಪಕ್ಕದ ಮನೆಯವನೇ ನನ್ನ ಹತ್ತಿರ ಕೇಳಿ ಮಾಡುತ್ತಾನೆ.

ಚಿಕಾಗೋ ಚಳಿ: ಥ್ಯಾಂಕ್ಸ್‌ಗಿವಿಂಗ್ ಅಂತ ಅವರೇ ಬರೆದಿದ್ದಾರೆ, ಇವರು ಬ್ರಿಸ್ಕೆಟ್ ಹಿಡ್ಕೊಂಡು ಕೂತಿದ್ದಾರೆ. ಆ ಹಬ್ಬಕ್ಕೆ ಟರ್ಕಿ ಕೋಳಿ ಸ್ವಾಮಿ, ಟರ್ಕಿ. ಆದರೆ ನನ್ನ ತಪ್ಪು ಮಾಡಬೇಡಿ. 18 ಪೌಂಡಿನ ಹಕ್ಕಿ, ಕಲ್ಲಿನ ಹಾಗೆ ಹೆಪ್ಪುಗಟ್ಟಿದ್ದು, ಹಬ್ಬದ ಸೇಲ್‌ನಲ್ಲಿ 14 ಡಾಲರಿಗೆ ಸಿಕ್ಕಿತು ಅಂತ ಕುಣಿದಾಡಿದೆ. ಅದನ್ನು ಫ್ರಿಜ್ಜಿನಲ್ಲಿಟ್ಟು ಕರಗಿಸೋಕೆ ನಾಲ್ಕೈದು ದಿನ ಬೇಕು. ನಾನು ಹೊರಗೆ ತೆಗೆದದ್ದು ಹಿಂದಿನ ರಾತ್ರಿ. ಬೆಳಗ್ಗೆ ಸ್ನಾನದ ತೊಟ್ಟಿಯಲ್ಲಿ ತಣ್ಣೀರು ತುಂಬಿ ಮುಳುಗಿಸಿದೆ, ಅರ್ಧರ್ಧ ಗಂಟೆಗೆ ನೀರು ಬದಲಿಸಿದೆ, ಮಗಳು ಸ್ನಾನವಿಲ್ಲದೆ ಕೂತಳು. ಓವನ್‌ನಲ್ಲಿ ಐದು ಗಂಟೆ ಬೆಂದ ಮೇಲೆ ಕುಯ್ದರೆ ಎದೆ ಭಾಗ ತೆಂಗಿನ ನಾರು, ತೊಡೆ ಇನ್ನೂ ಕೆಂಪು. ಹೊಟ್ಟೆಯೊಳಗೆ ಪಿತ್ತಜನಕಾಂಗ, ಕುತ್ತಿಗೆ ಎಲ್ಲಾ ಒಂದು ಕವರಿನಲ್ಲಿ ಇಟ್ಟಿರುತ್ತಾರೆ, ಅದನ್ನೂ ತೆಗೆದಿರಲಿಲ್ಲ. ಪಾತ್ರೆ, ಥರ್ಮಾಮೀಟರ್, ಆಮೇಲೆ ತರಿಸಿದ ಚೈನೀಸ್ ಊಟ ಎಲ್ಲಾ ಸೇರಿ 171 ಡಾಲರ್. ಅಗ್ಗದ ಹಕ್ಕಿ ಅಂತೆ!

ಸಾರನ್ನ ಸಾಕು: ಇಬ್ಬರಿಗೂ ಓದೋಕೆ ಬರಲ್ವಾ? ಅಮ್ಮ ಮೊಟ್ಟೆ ಕೂಡ ತಿನ್ನಲ್ಲ ಅಂತ ಬರೆದಿದ್ದಾರೆ. ನನ್ನ ಕಥೆ ಕೇಳಿ. 2008ರಲ್ಲಿ ಓಹಾಯೋದಲ್ಲಿ ನಮ್ಮವರ ಮ್ಯಾನೇಜರ್ ಮನೆಗೆ ಕರೆದಿದ್ದರು. "ತರಕಾರಿ ಬೇಕಾದಷ್ಟಿದೆ" ಅಂದರು ಆಕೆ, ಪಾಪ, ಪ್ರೀತಿಯಿಂದಲೇ. ನಾನು ಸ್ಟಫಿಂಗ್ ಬ್ರೆಡ್ಡು ತಾನೇ ಅಂತ ಎರಡು ಸಲ ಹಾಕಿಸಿಕೊಂಡೆ, ಅದನ್ನು ನೆನೆಸಿದ್ದು ಕೋಳಿ ಸಾರಿನಲ್ಲಿ. ಸಿಹಿಗೆಣಸಿನ ಮೇಲೆ ಬಿಳಿ ಮಾರ್ಷ್‌ಮ್ಯಾಲೋ ಮಿಠಾಯಿ, ಅದರಲ್ಲಿ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. ಪೈ ಹಿಟ್ಟಿಗೆ ಹಂದಿ ಕೊಬ್ಬು. ಮೂರು ವರ್ಷ ಆದ ಮೇಲೆ ಒಂದೊಂದೇ ಗೊತ್ತಾಯಿತು, ಪ್ರತಿ ಸಲ ಹೊಸದಾಗಿ ಹೊಟ್ಟೆ ತೊಳಸಿತು. ಅತ್ತೆಗೆ ಇವತ್ತಿಗೂ ಹೇಳಿಲ್ಲ.

ಬೇರು ಹುಡುಕುವವ: ಇದರಲ್ಲಿ ಅಮೆರಿಕದ್ದು ಅಂತ ಏನಿದೆ? ಆ್ಯಪಲ್ ಪೈ ಇಂಗ್ಲೆಂಡಿನದು, ಸೇಬಿನ ಮೂಲ ಕಜಾಕಿಸ್ತಾನದ ಕಡೆ. ಹ್ಯಾಂಬರ್ಗರ್ ಹೆಸರಲ್ಲೇ ಜರ್ಮನಿಯ ಊರಿದೆ. ನಿಜವಾಗಿ ಆ ನೆಲದ್ದು ಅಂದರೆ ಮೆಕ್ಕೆಜೋಳ, ಕುಂಬಳ, ಹುರುಳಿಕಾಯಿ, ಕ್ರ್ಯಾನ್‌ಬೆರಿ, ಮೇಪಲ್ ಪಾಕ, ಟರ್ಕಿ. 1621ರ ಆ ಮೊದಲ ಹಬ್ಬದ ಊಟದಲ್ಲಿ ಟರ್ಕಿ ಇತ್ತು ಅಂತ ಖಚಿತವಾಗಿ ಹೇಳೋಕೂ ಆಗಲ್ಲ. ಜಿಂಕೆ ಇತ್ತು, ಐದು.

ಎರಡು ಮಕ್ಕಳ ತಂದೆ: ಹಾಗಾದ್ರೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯೂ ಅಮೆರಿಕದ್ದೇ ಅಲ್ವಾ? ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ ಎಲ್ಲಾ ಅಲ್ಲಿಂದಲೇ ಬಂದವು. ಅವರಮ್ಮ ಟೊಮೆಟೊ ಸಾರು ಮಾಡ್ಕೊಂಡು ಅಮೆರಿಕನ್ ಊಟ ಅಂತ ಉಣ್ಣಲಿ ಬಿಡಿ. ನನ್ನ ಮಕ್ಕಳ ಮಟ್ಟಿಗೆ ಅಮೆರಿಕನ್ ಊಟ ಅಂದರೆ ನೀಲಿ ಡಬ್ಬಿಯ ಕ್ರಾಫ್ಟ್ ಮ್ಯಾಕ್ ಆಂಡ್ ಚೀಸ್, ಚೀಸ್ ಬೆರೆಸಿದ ಮ್ಯಾಕರೋನಿ. 1937ರಿಂದ ಇದೆಯಂತೆ. ನಾನು ಭಾನುವಾರ ಎರಡು ಗಂಟೆ ನಿಂತು, ನಾಲ್ಕು ಬಗೆ ಚೀಸ್ ತುರಿದು, 28 ಡಾಲರ್ ಸುರಿದು ಮನೆಯಲ್ಲೇ ಮಾಡಿದೆ. ದೊಡ್ಡವನು ಒಂದು ಚಮಚ ತಿಂದು, "ಅಪ್ಪಾ, ಡಬ್ಬಿಯದೇ ಚೆನ್ನಾಗಿರುತ್ತೆ" ಅಂದ. ಆವತ್ತಿಂದ ಡಬ್ಬಿಯೇ.

ಸಾರನ್ನ ಸಾಕು: ಆ ನಾಲ್ಕು ಬಗೆ ಚೀಸ್‌ನಲ್ಲಿ ಹಾಲು ಗಟ್ಟಿ ಮಾಡೋ ರೆನೆಟ್ ಇದೆಯಾ ನೋಡಿದ್ರಾ? ಕರುವಿನ ಹೊಟ್ಟೆಯಿಂದಲೂ ತೆಗೆಯುತ್ತಾರೆ.

ಎರಡು ಮಕ್ಕಳ ತಂದೆ: ಮೇಡಂ, ನಿಮ್ಮ ಜೊತೆ ಊಟಕ್ಕೆ ಕೂರೋರು ಗಟ್ಟಿಗರು.

ಚಿಕಾಗೋ ಚಳಿ: ಅದೇನೇ ಇರಲಿ, ತುಮಕೂರಿಂದ ಬರೋ ಅಮ್ಮನ ಮುಂದೆ ದನದ ಮಾಂಸ ಇಡಿ ಅನ್ನೋಕೆ ಹೊಗೆಮನೆಯವರಿಗೆ ನಾಚಿಕೆ ಆಗಬೇಕು.

ಆಸ್ಟಿನ್ ಹೊಗೆಮನೆ: ನಾಚಿಕೆ ಯಾಕೆ? ನಮ್ಮ ಮನೇಲಿ ಅಜ್ಜನ ಕಾಲದಿಂದ ತಿನ್ನುತ್ತೇವೆ, ಊರಲ್ಲಿ ಬಾಗಿಲು ಹಾಕ್ಕೊಂಡು ತಿನ್ನುತ್ತಿದ್ದೆವು, ಇಲ್ಲಿ ಅಂಗಳದಲ್ಲಿ ಕೂತು ತಿನ್ನುತ್ತೇನೆ. ನಿಮ್ಮ ನಾರು ಟರ್ಕಿ ನಿಮಗಿರಲಿ.

ಅಟ್ಲಾಂಟಾ ಅತ್ತೆ: ಜಗಳ ಆಮೇಲೆ ಆಡಿ. ಮಗಳೇ, ಗ್ರಿಟ್ಸ್ ಮಾಡು. ಮೆಕ್ಕೆಜೋಳದ ರವೆ, ನೀರು, ಉಪ್ಪು, ಬೆಣ್ಣೆ. ಇಲ್ಲಿ ದಕ್ಷಿಣದ ಕಡೆ ಬೆಳಗಿನ ತಿಂಡಿಗೆ ಅದಿಲ್ಲದೆ ಆಗಲ್ಲ. ಅಂಗಡಿಯ ಬೇಗ ಆಗೋ ಪುಡಿ ಬೇಡ, ಒರಟಾಗಿ ಬೀಸಿದ್ದೇ ತಾ, ಮುಕ್ಕಾಲು ಗಂಟೆ ಕೈಯಾಡಿಸಬೇಕು. ನಾನು ಮೊದಲ ಸಲ ಕುದಿಯೋ ನೀರಿಗೆ ಒಮ್ಮೆಲೇ ಸುರಿದು ಗಂಟಾಗಿ, ಪಾತ್ರೆ ತಿಕ್ಕೋಕೇ ಒಂದು ದಿನ ಹಿಡಿಯಿತು. ನಮ್ಮತ್ತೆ ತಿಂದು, "ಜ್ವರ ಬಂದಾಗ ಕೊಡೋ ಗಂಜಿ ಇದು" ಅಂದರು. ಮಾರನೇ ದಿನ ನಾನೇ ನೋಡಿದೆ, ಅದಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಎರಡನೇ ಬಟ್ಟಲು ಖಾಲಿ ಮಾಡುತ್ತಿದ್ದರು. ಜೊತೆಗೆ ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ ಮಾಡು, ಮೊಟ್ಟೆ ಬಿಟ್ಟು ಮಜ್ಜಿಗೆ ಜಾಸ್ತಿ ಹಾಕು, ಸ್ವಲ್ಪ ಪುಡಿಯಾಗುತ್ತೆ ಅಷ್ಟೇ. ಸಕ್ಕರೆ ಮಾತ್ರ ಹಾಕಬೇಡ.

ಚಿಕಾಗೋ ಚಳಿ: ಸಕ್ಕರೆ ಹಾಕದ ಕಾರ್ನ್‌ಬ್ರೆಡ್ ಯಾರು ತಿಂತಾರೆ?

ಅಟ್ಲಾಂಟಾ ಅತ್ತೆ: ಸಕ್ಕರೆ ಹಾಕಿದರೆ ಅದು ಕೇಕು. ಉತ್ತರದವರ ಚಾಳಿ ಅದು.

ಬೇರು ಹುಡುಕುವವ: ಎರಡಕ್ಕೂ ಮೊದಲು ಅಲ್ಲಿನ ಮೂಲನಿವಾಸಿಗಳು ಮೆಕ್ಕೆಜೋಳದ ರೊಟ್ಟಿ ಸುಡುತ್ತಿದ್ದರು, ಅದರಲ್ಲಿ ಸಕ್ಕರೆಯೂ ಇಲ್ಲ, ಮಜ್ಜಿಗೆಯೂ ಇಲ್ಲ.

ಎರಡು ಮಕ್ಕಳ ತಂದೆ: ನೀವು ಏನಾದರೂ ಅಡುಗೆ ಮಾಡಿದ್ದೀರಾ ಸರ್, ಅಥವಾ ಸುಮ್ನೆ ಮೂಲ ಹುಡುಕೋದೇನಾ?

ಎಡಿಸನ್ ಹುಡುಗಿ: ಎಲ್ಲರಿಗೂ ಥ್ಯಾಂಕ್ಸ್. ಗ್ರಿಟ್ಸ್ ಬರೆದುಕೊಂಡೆ. ಕ್ರ್ಯಾನ್‌ಬೆರಿ ನಾನಾಗಲೇ ಬೆಲ್ಲ, ಇಂಗು ಹಾಕಿ ಗೊಜ್ಜು ಮಾಡಿ ನೋಡಿದೆ, ಅದೇ ಅಷ್ಟು ಹುಳಿ, ಹುಣಸೆಹಣ್ಣೇ ಬೇಡ. ಆದರೆ ಅಪ್ಪ ಇವತ್ತು ಫೋನ್ ಮಾಡಿ, "ಅದೇನೋ ಬಾರ್ಬೆಕ್ಯೂ ಅಂತಾರಲ್ಲ, ಟೀವೀಲಿ ನೋಡಿದೆ" ಅಂದರು.

ಆಸ್ಟಿನ್ ಹೊಗೆಮನೆ: ನಾನು ಹೇಳಲಿಲ್ವಾ! ನನ್ನ ಬ್ರಿಸ್ಕೆಟ್ ಅದೇ ತಾನೇ. ಅಮ್ಮನಿಗೆ ಪಕ್ಕದಲ್ಲಿ ಪಿಂಟೋ ಬೀನ್ಸ್ ಬಡಿಸಿ, ಪಕ್ಕಾ ವೆಜ್.

ಸಾರನ್ನ ಸಾಕು: ಅದರೊಳಗೆ ಬೇಕನ್, ಹಂದಿ ಮಾಂಸ, ಹಾಕಿರುತ್ತಾರೆ.

ಆಸ್ಟಿನ್ ಹೊಗೆಮನೆ: ಸ್ವಲ್ಪ.