ಜಾಂಗೋ ಆ್ಯಪ್‌ನ ಟೆಸ್ಟ್‌ಗಳು ಜಮಖಂಡಿಯಲ್ಲಿ ಪಾಸ್, ವಿಜಯಪುರದಲ್ಲಿ ಫೇಲ್: ಫಿಕ್ಸ್ಚರ್ ಡೇಟಾದಲ್ಲೇ ತಪ್ಪಿದೆಯೇ?

ಕಾಟಾಚೀಟಿ (ಜಮಖಂಡಿ)

ನಮಸ್ಕಾರ. ಕಬ್ಬಿನ ಕಾಟಾದ ಲೆಕ್ಕಕ್ಕಾಗಿ, ಪೈಥಾನ್‌ನ ವೆಬ್ ಚೌಕಟ್ಟಾದ ಜಾಂಗೋ 4.2ರಲ್ಲಿ ಕಟ್ಟಿದ ತಂತ್ರಾಂಶದಿಂದ ಒಂದು ಭಾಗವನ್ನು ಬೇರ್ಪಡಿಸಿ, ಯಾವ ಪ್ರಾಜೆಕ್ಟಿಗಾದರೂ ಜೋಡಿಸಬಹುದಾದ ಸ್ವತಂತ್ರ ಆ್ಯಪ್ ಮಾಡಿದ್ದೇನೆ. ತೂಕದ ಚೀಟಿಯನ್ನು ಯಾರು, ಯಾವಾಗ, ಎಷ್ಟಿದ್ದದ್ದನ್ನು ಎಷ್ಟಕ್ಕೆ ತಿದ್ದಿದರು ಎಂಬುದನ್ನು ಅದು ಬರೆದಿಡುತ್ತದೆ. ಚೀಟಿಯೇ ಆಗಬೇಕೆಂದಿಲ್ಲ, ಕಂಟೆಂಟ್ ಟೈಪ್ (ಪ್ರತಿ ಮಾಡೆಲ್‌ಗೂ ಜಾಂಗೋ ಕೊಡುವ ಸಂಖ್ಯೆಯ ದಾಖಲೆ) ಮೂಲಕ ಯಾವ ಮಾಡೆಲ್‌ಗಾದರೂ, ಅಂದರೆ ಡೇಟಾಬೇಸಿನ ಯಾವ ಟೇಬಲಿನ ವಿವರಣೆಗಾದರೂ, ಅಂಟಿಕೊಳ್ಳುತ್ತದೆ. ಟೆಸ್ಟ್‌ಗಳಿಗೆಂದು ಪ್ಯಾಕೇಜಿನೊಳಗೆ ‘ಚೀಟಿ’ ಎಂಬ ಪುಟ್ಟ ಮಾಡೆಲ್ ಇರುವ ಒಂದು ಆ್ಯಪ್ ಇದೆ. ಟೆಸ್ಟ್ ಡೇಟಾ ಎಲ್ಲವೂ ‘ಸ್ಯಾಂಪಲ್’ ಎಂಬ ಒಂದೇ ಜೇಸನ್ ಫಿಕ್ಸ್ಚರ್‌ನಲ್ಲಿ, ಅಂದರೆ ಡೇಟಾಬೇಸಿಗೆ ತುಂಬುವ ಸಿದ್ಧ ಸಾಲುಗಳ ಫೈಲಿನಲ್ಲಿ, ಇದೆ. ಹೋದ ಹಂಗಾಮಿನ ಡೇಟಾಬೇಸಿನಿಂದ ‘ಡಂಪ್‌ಡೇಟಾ’ (ಡೇಟಾವನ್ನು ಫೈಲಿಗೆ ಇಳಿಸುವ ಆಜ್ಞೆ) ಮಾಡಿ, ಮಾಡೆಲ್‌ನ ಹೆಸರನ್ನು ಬದಲಿಸಿಕೊಂಡ 3,000 ಚೀಟಿಗಳು ಅದರಲ್ಲಿವೆ.

ಎರಡು ತೊಂದರೆಗಳಿವೆ. ಮೊದಲನೆಯದು, ವಿಜಯಪುರದ ಗೆಳೆಯರು ತಮ್ಮ ಒಣದ್ರಾಕ್ಷಿ ದಾಸ್ತಾನಿನ ಪ್ರಾಜೆಕ್ಟಿನ ಸೆಟ್ಟಿಂಗ್ಸ್‌ನಲ್ಲೇ ಇವನ್ನು ಓಡಿಸಿದಾಗ 46ರಲ್ಲಿ 11 ಟೆಸ್ಟ್‌ಗಳು ಬಿದ್ದವು. ಬಹುತೇಕ ಕಡೆ ಚೀಟಿ ಬರಬೇಕಾದ ಜಾಗದಲ್ಲಿ ಬರಿಯ ‘ನನ್’ (ಏನೂ ಇಲ್ಲ) ಬರುತ್ತಿದೆ. ಎರಡನೆಯದು ನನ್ನ ಲ್ಯಾಪ್‌ಟಾಪಿನಲ್ಲೇ ಆಗುವುದು. ತಿದ್ದುಪಡಿ ಕಮಿಟ್ ಆದ (ಡೇಟಾಬೇಸಿನಲ್ಲಿ ಖಾಯಂ ಆದ) ಮೇಲೆ ಇಮೇಲ್ ಹೋಗುತ್ತದೆಯೇ ಎಂದು ನೋಡುವ ಟೆಸ್ಟ್ ಮೊದಲು ಒಂದಿತ್ತು, ಈ ವಾರ ಅಂಥದೇ ಇನ್ನೊಂದನ್ನು ಸೇರಿಸಿದೆ. ಈಗ ಮೊದಲನೆಯದು ಪಾಸಾಗಿ, ಎರಡನೆಯದು ‘ಟನ್’ ಎಂಬ ಅಳತೆಯೇ ಇಲ್ಲವೆಂದು ನಿಲ್ಲುತ್ತದೆ. ಅದನ್ನೊಂದನ್ನೇ ಓಡಿಸಿದರೆ ಪಾಸಾಗುತ್ತದೆ. ಕೆಜಿ, ಕ್ವಿಂಟಲ್, ಟನ್ ಮೂರನ್ನೂ ಮೈಗ್ರೇಶನ್‌ನಲ್ಲೇ (ಟೇಬಲ್‌ಗಳನ್ನು ಕಟ್ಟುವ ಹಂತದಲ್ಲೇ) ತುಂಬಿದ್ದೇನೆ.

ಕುಂದಾನಗರಿ (ಬೆಳಗಾವಿ)

ನಿಮ್ಮ ಫಿಕ್ಸ್ಚರ್ ತೆರೆದು ನೋಡಿದೆ. ಪ್ರತಿ ತಿದ್ದುಪಡಿಯ ಸಾಲಿನಲ್ಲೂ ಕಂಟೆಂಟ್ ಟೈಪ್ ಎಂಬಲ್ಲಿ 9 ಎಂದು ಬರೆದಿದ್ದೀರಿ. ಆ 9 ನಿಮ್ಮ ಲ್ಯಾಪ್‌ಟಾಪಿನ ಮಟ್ಟಿಗೆ ಮಾತ್ರ ಚೀಟಿ. ಕಂಟೆಂಟ್ ಟೈಪ್‌ನ ಸಾಲುಗಳನ್ನು ಜಾಂಗೋ ಮೈಗ್ರೇಶನ್ ಮುಗಿದ ಮೇಲೆ ತಾನೇ ಹುಟ್ಟಿಸುತ್ತದೆ. ಪ್ರಾಜೆಕ್ಟಿನಲ್ಲಿ ಯಾವ ಆ್ಯಪ್‌ಗಳು ಯಾವ ಕ್ರಮದಲ್ಲಿವೆ ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ವಿಜಯಪುರದವರ ಪ್ರಾಜೆಕ್ಟಿನಲ್ಲಿ 9 ಎಂದರೆ ಬೇರೆ ಯಾವುದೋ ಮಾಡೆಲ್ ಆಗಿರುತ್ತದೆ, ಅದರ ಟೇಬಲ್ ಟೆಸ್ಟ್‌ನಲ್ಲಿ ಖಾಲಿ ಇರುತ್ತದೆ, ಹಾಗಾಗಿ ‘ನನ್’. ಸಂಖ್ಯೆಯ ಬದಲು ಆ್ಯಪ್‌ನ ಹೆಸರು ಮತ್ತು ಮಾಡೆಲ್‌ನ ಹೆಸರಿನ ಜೋಡಿಯನ್ನು, ಅಂದರೆ ನ್ಯಾಚುರಲ್ ಕೀಯನ್ನು, ಬರೆಯಿರಿ. ‘ಡಂಪ್‌ಡೇಟಾ’ಗೆ ‘ನ್ಯಾಚುರಲ್ ಫಾರಿನ್’ ಆಯ್ಕೆ ಕೊಟ್ಟರೆ ಅದೇ ಹಾಗೆ ಬರೆದುಕೊಡುತ್ತದೆ.

ಇನ್ನು ಎರಡನೆಯದಕ್ಕೆ ಬರೋಣ. ಆ ಎರಡೂ ಇಮೇಲ್ ಟೆಸ್ಟ್‌ಗಳನ್ನು ನೀವು ‘ಟ್ರಾನ್ಸಾಕ್ಷನ್ ಟೆಸ್ಟ್‌ಕೇಸ್’ ಅಡಿಯಲ್ಲಿ ಬರೆದಿದ್ದೀರಿ. ಸಾಮಾನ್ಯ ‘ಟೆಸ್ಟ್‌ಕೇಸ್’ ಪ್ರತಿ ಟೆಸ್ಟನ್ನೂ ಒಂದು ಟ್ರಾನ್ಸಾಕ್ಷನ್ (ಒಟ್ಟಾಗಿ ಉಳಿಯುವ ಇಲ್ಲವೇ ರದ್ದಾಗುವ ಬದಲಾವಣೆಗಳ ಗುಂಪು) ಒಳಗೆ ಓಡಿಸಿ, ಮುಗಿದ ಮೇಲೆ ಹಿಂದಕ್ಕೆ ಸುತ್ತಿಬಿಡುತ್ತದೆ. ಟ್ರಾನ್ಸಾಕ್ಷನ್ ಟೆಸ್ಟ್‌ಕೇಸ್ ಹಾಗಲ್ಲ. ಟೆಸ್ಟ್ ಮುಗಿದೊಡನೆ ಎಲ್ಲ ಟೇಬಲ್‌ಗಳನ್ನೂ ಖಾಲಿ ಮಾಡುತ್ತದೆ, ಮೈಗ್ರೇಶನ್‌ನಲ್ಲಿ ತುಂಬಿದ ನಿಮ್ಮ ಟನ್ ಮತ್ತು ಕ್ವಿಂಟಲ್ ಸಮೇತ. ಜಾಂಗೋ ಇಂಥವನ್ನು ಸಾಮಾನ್ಯ ಟೆಸ್ಟ್‌ಕೇಸ್‌ಗಳೆಲ್ಲ ಮುಗಿದ ಮೇಲೆ ಓಡಿಸುವುದರಿಂದ, ಒಂದೇ ಇದ್ದಾಗ ಅದು ಗುಡಿಸಿ ಹೋದದ್ದು ನಿಮಗೆ ಗೊತ್ತಾಗಲೇ ಇಲ್ಲ. ‘ಸೀರಿಯಲೈಸ್ಡ್ ರೋಲ್‌ಬ್ಯಾಕ್’ ಹಾಕಿದರೆ ಡೇಟಾ ಮರಳಿ ಬರುತ್ತದೆ, ಆದರೆ ಆ ಟೆಸ್ಟ್‌ಗಳು ಸುಮಾರು 3 ಪಟ್ಟು ನಿಧಾನವಾಗುತ್ತವೆ ಎಂದು ಜಾಂಗೋದ ಕೈಪಿಡಿಯೇ ಎಚ್ಚರಿಸುತ್ತದೆ. ನಿಮಗೆ ಅದರ ಅಗತ್ಯವೇ ಇಲ್ಲ. ಜಾಂಗೋ 3.2ರಿಂದ ‘ಕ್ಯಾಪ್ಚರ್ ಆನ್ ಕಮಿಟ್ ಕಾಲ್‌ಬ್ಯಾಕ್ಸ್’ ಬಂದಿದೆ. ಕಮಿಟ್ ನಂತರದ ಕೆಲಸವನ್ನು ಸಾಮಾನ್ಯ ಟೆಸ್ಟ್‌ಕೇಸ್‌ನಲ್ಲೇ ಪರೀಕ್ಷಿಸಬಹುದು.

ಒಂದು ಮಾತು ಕೇಳದೆಯೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಆ ಫಿಕ್ಸ್ಚರ್‌ನಲ್ಲಿ ರೈತರ ಹೆಸರು, ಊರು, ಮೊಬೈಲ್ ಸಂಖ್ಯೆಗಳು ಹಾಗೆಯೇ ಇವೆ. ಯಾರು ಬೇಕಾದರೂ ಇಳಿಸಿಕೊಳ್ಳುವ ಪ್ಯಾಕೇಜಿನಲ್ಲಿ ಅವು ಒಂದು ದಿನವೂ ಇರಬಾರದು.

ಗುಮ್ಮಟನಗರಿ (ವಿಜಯಪುರ)

ಟೆಸ್ಟ್ ಓಡಿಸಿದವನು ನಾನೇ. ನ್ಯಾಚುರಲ್ ಕೀ ಹಾಕಿದ ಮೇಲೆ 11ರಲ್ಲಿ 9 ಸರಿಯಾದವು. ಉಳಿದ ಎರಡು ಚೀಟಿಗಳನ್ನು ಎಣಿಸುವಂಥವು. 3,000 ಎನ್ನಬೇಕಾದಲ್ಲಿ 3,040 ಎನ್ನುತ್ತಿವೆ. ಹುಡುಕಿದಾಗ ತಪ್ಪು ನಮ್ಮ ಕಡೆಯೂ ಇತ್ತು: ಈ ಆ್ಯಪನ್ನು ನೋಡಲೆಂದು ನಾವು ಬರೆದುಕೊಂಡಿದ್ದ 40 ಚೀಟಿಗಳ ಫಿಕ್ಸ್ಚರ್‌ಗೂ ‘ಸ್ಯಾಂಪಲ್’ ಎಂದೇ ಹೆಸರು. ಜಾಂಗೋ ಆ ಹೆಸರನ್ನು ಎಲ್ಲ ಆ್ಯಪ್‌ಗಳ ಫಿಕ್ಸ್ಚರ್ಸ್ ಫೋಲ್ಡರಿನಲ್ಲೂ ಹುಡುಕಿ, ಸಿಕ್ಕಷ್ಟನ್ನೂ ತುಂಬಿಬಿಟ್ಟಿದೆ. ಫಿಕ್ಸ್ಚರ್ಸ್ ಒಳಗೆ ಪ್ಯಾಕೇಜಿನ ಹೆಸರಿನ ಒಂದು ಉಪಫೋಲ್ಡರ್ ಮಾಡಿ, ಫೈಲನ್ನು ಅದರೊಳಗಿಟ್ಟು, ಟೆಸ್ಟ್‌ನಲ್ಲೂ ಪೂರ್ತಿ ದಾರಿ ಬರೆದರೆ ಈ ಗೊಂದಲ ಇರುವುದಿಲ್ಲ.

ಕುಂದಾನಗರಿ (ಬೆಳಗಾವಿ)

ನನ್ನ ಅಭಿಪ್ರಾಯದಲ್ಲಿ ಆ ಫೈಲನ್ನೇ ತೆಗೆಯುವುದು ಮೇಲು. ಮಾಡೆಲ್‌ಗೆ ಒಂದು ಕಾಲಂ ಸೇರಿಸಿದರೆ 3,000 ಸಾಲುಗಳನ್ನು ಯಾರು ತಿದ್ದುತ್ತಾರೆ? ಚೀಟಿ ಹುಟ್ಟಿಸುವ ಒಂದು ಸಣ್ಣ ಫಂಕ್ಷನ್ ಬರೆಯಿರಿ. ತುಂಬಿದ ಗಾಡಿಯ ತೂಕ 21.480 ಟನ್, ಖಾಲಿ ಗಾಡಿ 6.320, ನಿವ್ವಳ 15.160 ಎಂಬುದು ಅದರ ಮೂಲ ಮೌಲ್ಯವಾಗಿರಲಿ, ಪ್ರತಿ ಟೆಸ್ಟ್ ತನಗೆ ಬೇಕಾದ ಅಂಕಿಯನ್ನಷ್ಟೇ ಬದಲಿಸಿಕೊಳ್ಳಲಿ. ಅದನ್ನು ‘ಸೆಟಪ್ ಟೆಸ್ಟ್ ಡೇಟಾ’ದಲ್ಲಿ ಕರೆದರೆ ಇಡೀ ಕ್ಲಾಸಿಗೆ ಒಮ್ಮೆ ಮಾತ್ರ ನಡೆಯುತ್ತದೆ. ಇನ್ನೊಂದು ಸಣ್ಣ ವಿಷಯ: ಫಿಕ್ಸ್ಚರ್ ತುಂಬುವಾಗಲೂ ‘ಪೋಸ್ಟ್ ಸೇವ್’ ಸಿಗ್ನಲ್ (ಸಾಲು ಉಳಿದ ಮೇಲೆ ಜಾಂಗೋ ಕೊಡುವ ಸೂಚನೆ) ಹೊರಡುತ್ತದೆ. ಅದರಲ್ಲಿ ‘ರಾ’ (ಫಿಕ್ಸ್ಚರ್‌ನಿಂದ ಬಂದದ್ದು ಎಂಬ ಗುರುತು) ಎಂಬುದು ನಿಜವಾಗಿದ್ದರೆ ನಿಮ್ಮ ಆ್ಯಪ್ ಏನನ್ನೂ ಬರೆಯಬಾರದು. ಇಲ್ಲವಾದರೆ ನಿಮ್ಮ ಬಳಕೆದಾರರು ತಮ್ಮ ಫಿಕ್ಸ್ಚರ್ ತುಂಬಿದಾಗಲೆಲ್ಲ ಸುಳ್ಳು ತಿದ್ದುಪಡಿಗಳು ದಾಖಲಾಗುತ್ತವೆ.

ಕಾಟಾಚೀಟಿ (ಜಮಖಂಡಿ)

ಸರ್, ಇಬ್ಬರಿಗೂ ಧನ್ಯವಾದಗಳು. ಫಿಕ್ಸ್ಚರ್ ತೆಗೆದುಹಾಕಿದ್ದೇನೆ, 3,000 ಚೀಟಿಗಳು ಮಾಡುತ್ತಿದ್ದ ಕೆಲಸಕ್ಕೆ ಮೂರು ಸಾಕಾದವು. ಇಮೇಲ್ ಟೆಸ್ಟ್‌ಗಳನ್ನು ಸಾಮಾನ್ಯ ಟೆಸ್ಟ್‌ಕೇಸ್‌ಗೆ ತಂದ ಮೇಲೆ ‘ಶಫಲ್’ (ಟೆಸ್ಟ್‌ಗಳ ಕ್ರಮವನ್ನು ಕಲಸುವ ಆಯ್ಕೆ) ಹಾಕಿ ಐದು ಸಲ ಓಡಿಸಿದರೂ ಒಂದೂ ಬೀಳಲಿಲ್ಲ. ‘ರಾ’ ಪರಿಶೀಲನೆ ಇರಲಿಲ್ಲ, ಈಗ ಸೇರಿಸಿದ್ದೇನೆ.

ಫಂಕ್ಷನ್ ಕೈಯಲ್ಲಿದೆಯೆಂದು ಸುಮ್ಮನೆ ಎರಡು ತೂಕಗಳನ್ನು ಅದಲುಬದಲು ಮಾಡಿ ನೋಡಿದೆ. ಚೀಟಿ ಋಣ 15.160 ಟನ್ ನಿವ್ವಳವೆಂದು ಚಕಾರವೆತ್ತದೆ ಉಳಿದುಕೊಂಡಿತು. ಹಂಗಾಮಿನ ಡೇಟಾದಲ್ಲಿ ಇಂಥದೊಂದೂ ಇರಲಿಲ್ಲ, ಏಕೆಂದರೆ ಕಾಟಾದ ಮೇಲೆ ಕುಳಿತವರು ಅಲ್ಲಿಯೇ ತಿದ್ದಿಬಿಡುತ್ತಾರೆ. ಅದಕ್ಕೂ ಈಗ ಒಂದು ಟೆಸ್ಟ್ ಇದೆ.

ಹಳೆಯ ಕಮಿಟ್‌ಗಳಲ್ಲಿದ್ದ (ಗಿಟ್‌ನಲ್ಲಿ ಉಳಿದ ಕೋಡಿನ ಹಿಂದಿನ ಆವೃತ್ತಿಗಳಲ್ಲಿದ್ದ) ಮೊಬೈಲ್ ಸಂಖ್ಯೆಗಳನ್ನು ತೆಗೆಯಲು ಗಿಟ್‌ನ ಇತಿಹಾಸವನ್ನೇ ಇಂದು ರಾತ್ರಿ ಮತ್ತೆ ಬರೆಯುತ್ತಿದ್ದೇನೆ. ಗುಮ್ಮಟನಗರಿಯವರೇ, ನಿಮ್ಮಲ್ಲಿರುವ ಪ್ರತಿಯನ್ನು ದಯವಿಟ್ಟು ಪೂರ್ತಿ ಅಳಿಸಿ, ನಾಳೆ ಹೊಸದಾಗಿ ಕ್ಲೋನ್ ಮಾಡಿಕೊಳ್ಳಿ. ಹಳೆಯದರಿಂದ ಪುಶ್ ಮಾಡಿದರೆ ಅವೆಲ್ಲ ಮರಳಿ ಬಂದುಬಿಡುತ್ತವೆ.