ತೆಪ್ಪದ ಮೋಟರ್ ಮುಟ್ಟಿದರೆ ಜುಮ್ ಅನ್ನುತ್ತಿದೆ, ಅರ್ಥಿಂಗ್ ಎಲ್ಲಿ ತಪ್ಪಿದೆ?

ಭೀಮಾ ದಂಡೆಯ ರೈತ, ಯಾದಗಿರಿ:
ನಮಸ್ಕಾರ. ಹೊಳೆ ನೀರು ಏರಿಳಿಯುತ್ತದೆ ಅಂತ ನಾಲ್ಕು ಕಬ್ಬಿಣದ ಡ್ರಮ್ ಕಟ್ಟಿ ತೆಪ್ಪ ಮಾಡಿ, ಮೇಲೆ 5 ಎಚ್‌ಪಿ ಮೋಟರ್ ಕೂರಿಸಿದ್ದೇನೆ. ಸ್ಟಾರ್ಟರ್ ದಂಡೆಯ ಮೇಲಿದೆ, ಅಲ್ಲೇ ಒಂದು ರಾಡ್ ಹೊಡೆದು ಅರ್ಥ್ ಕೊಟ್ಟಿದ್ದೇನೆ. ಮೊನ್ನೆ ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವಿನ ಕಸ ತೆಗೆಯಲು ನೀರಿಗಿಳಿದು ಡ್ರಮ್ ಹಿಡಿದರೆ ಕೈ ಜುಮ್ ಅಂತು. ಫ್ಯೂಸ್ ಹೋಗಿಲ್ಲ, ಮೋಟರ್ ಚೆನ್ನಾಗೇ ಓಡುತ್ತಿದೆ. ತೆಪ್ಪ ನೀರಲ್ಲೇ ಇದೆ, ನೀರೇ ಅರ್ಥ್ ಆಗುವುದಿಲ್ವಾ?

ವೈಂಡಿಂಗ್ ಕೆಲಸದವ, ಶಹಾಪುರ:
ಅಣ್ಣಾ, ಮೊದಲು ಮೇನ್ ತೆಗೆಯಿರಿ. ಮಕ್ಕಳನ್ನು, ಎಮ್ಮೆಗಳನ್ನು ಆ ನೀರಿಗೆ ಬಿಡಬೇಡಿ. ಹೊಳೆಯ ಸಿಹಿನೀರಿಗಿಂತ ನಮ್ಮ ಮೈಯಲ್ಲೇ ಕರೆಂಟ್ ಸಲೀಸಾಗಿ ಹರಿಯುತ್ತದೆ. 20 ಮಿಲಿ ಆಂಪಿಯರ್ ಹರಿದರೂ ಕೈಕಾಲು ಸೆಟೆದು ಈಜುವವನು ಮುಳುಗಬಹುದು. ನೀರನ್ನು ನಂಬಬೇಡಿ.
ಕೇಬಲ್ ಎಷ್ಟು ಕೋರಿನದು, ಅಂದರೆ ಒಳಗೆ ಎಷ್ಟು ತಂತಿ ಇವೆ?

ಭೀಮಾ ದಂಡೆಯ ರೈತ:
3 ಕೋರ್. ಮೂರೂ ಫೇಸಿಗೇ ಹೋಗಿವೆ. ಇಲ್ಲಿ ಕೆಲವರು ನ್ಯೂಟ್ರಲ್ ತಂತಿ ತಂದು ಮೋಟರಿನ ಹೊರಮೈಗೆ (ಬಾಡಿ) ಜೋಡಿಸು ಅನ್ನುತ್ತಾರೆ.

ವೈಂಡಿಂಗ್ ಕೆಲಸದವ:
ಅದನ್ನು ಮಾತ್ರ ಮಾಡಬೇಡಿ. ನ್ಯೂಟ್ರಲ್ ಎಲ್ಲಾದರೂ ಹರಿದರೆ ತೆಪ್ಪಕ್ಕೆಲ್ಲ ಕರೆಂಟ್ ಬರುತ್ತದೆ.
ನಿಮ್ಮ ರಾಡಿಗೂ ತೆಪ್ಪಕ್ಕೂ ಸಂಬಂಧವೇ ಇಲ್ಲ, ಅದೇ ತಪ್ಪು. 4 ಕೋರ್ ಕೇಬಲ್ ಎಳೆಯಿರಿ. ನಾಲ್ಕನೇ ತಂತಿಯ ಒಂದು ತುದಿಯನ್ನು ದಂಡೆಯ ಅರ್ಥಿಗೆ, ಇನ್ನೊಂದನ್ನು ಮೋಟರಿನ ಹೊರಮೈಗೆ ಜೋಡಿಸಿ, ಅಲ್ಲಿಂದ ಫ್ರೇಮ್, ಡ್ರಮ್, ಕಬ್ಬಿಣದ ಪೈಪಿಗೆಲ್ಲ ಬಣ್ಣ ಕೆರೆದು ಬೋಲ್ಟ್ ಮಾಡಿ.
ಇಷ್ಟೇ ಸಾಲದು. ರಾಡಿನಿಂದ ಮಣ್ಣಿಗೆ ಹರಿಯಲು ಇರುವ ತಡೆ (ರೆಸಿಸ್ಟೆನ್ಸ್) 20 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ಬರೀ 11.5 ಆಂಪಿಯರ್. ಅಷ್ಟಕ್ಕೆ ನಿಮ್ಮ ಫ್ಯೂಸ್ ಹೋಗಲ್ಲ. ಸ್ಟಾರ್ಟರಿಗೆ ಮುಂಚೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕತ್ತರಿಸುವ ಸ್ವಿಚ್) ಹಾಕಲೇಬೇಕು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ರಾಡನ್ನು ಬಿಡುತ್ತದೆ. ಅದರ ಬದಲು 2.5 ಮೀಟರ್ ಜಿಐ (ಸತು ಲೇಪದ ಕಬ್ಬಿಣ) ಪೈಪ್ ಹೂತು ಆಗಾಗ ನೀರು ಹಾಕಿ. ತಾಮ್ರದ ರಾಡ್ ಬೇಡ. ತಾಮ್ರವನ್ನೂ ಕಬ್ಬಿಣವನ್ನೂ ತಂತಿಯಿಂದ ಸೇರಿಸಿದರೆ ನೀರಲ್ಲಿರುವ ಡ್ರಮ್ ಬೇಗ ತೂತಾಗುತ್ತದೆ. ಬಂದರಿನ ದೋಣಿಗಳಿಗೂ ದಂಡೆಯ ಅರ್ಥ್ ತಂತಿಯಿಂದ ಇದೇ ಕಾಟ.

ಭೀಮಾ ದಂಡೆಯ ರೈತ:
ಹೇಳಿದಂತೆ ಮಾಡಿಸಿದೆ. ಸ್ವಿಚ್ ಒತ್ತಿದ ಕೂಡಲೇ ಆರ್‌ಸಿಸಿಬಿ ಬಿತ್ತು. ಕರೆಂಟ್ ಸೋರಿಕೆ ಅಳೆಯುವ ಮೆಗ್ಗರ್ ಹಿಡಿದು ನೋಡಿದರೆ ಒಂದು ಫೇಸ್ ಬಾಡಿಗೆ ತಾಗಿದೆ. ಟರ್ಮಿನಲ್ ಬಾಕ್ಸಿನ ರಬ್ಬರ್ ಹರಿದು ಒಳಗೆ ನೀರು ನಿಂತಿತ್ತು. ಒಣಗಿಸಿ ಹೊಸ ರಬ್ಬರ್ ಹಾಕಿದ ಮೇಲೆ ಆರ್‌ಸಿಸಿಬಿ ಬೀಳದೆ ನಿಂತಿದೆ. ಮಗ ದಿನಾ ಅಲ್ಲೇ ಈಜುತ್ತಿದ್ದ ಅಣ್ಣಾ.