ಇಲ್ಲಿ ಗುಂಡು ಹಾರಲ್ಲ, ಸುತ್ತುತ್ತೆ: ‘ಕ್ರೂಪಿಯರ್’ ತೋರಿಸಿದವರು, ನೋಡಿದವರು ಅನುಭವ ಹೇಳಿ

ಕೇಳಿದ್ದು, ಹಾಸನದಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಪುಟ್ಟ ಸಿನಿಮಾ ಬಳಗ. ತಿಂಗಳಿಗೊಂದು ಭಾನುವಾರ ಸಂಜೆ, ಒಂದು ಹಾಲ್, ಒಂದು ಪ್ರೊಜೆಕ್ಟರು, ಪ್ಲಾಸ್ಟಿಕ್ ಕುರ್ಚಿ, ಮೂವತ್ತು ಚಿಲ್ಲರೆ ಜನ. ಮುಂದಿನ ತಿಂಗಳ ಸರದಿ ನನ್ನದು. ಬ್ರಿಟನ್ನಿನ ‘ಕ್ರೂಪಿಯರ್’ (1998) ಹಾಕ್ತೀನಿ ಅಂತ ಬಾಯಿಬಿಟ್ಟೆ. "ಜೂಜು, ಲಂಡನ್ನು, ದರೋಡೆ" ಅಂತ ವಾಟ್ಸಾಪ್‌ನಲ್ಲಿ ಹಾಕಿದ್ದೇ ತಡ, ಎಲ್ಲರೂ ಹುರುಪಾಗಿದ್ದಾರೆ. ಮೊನ್ನೆ ಇನ್ನೊಂದು ಸಲ ನೋಡಿದೆ, ಎದೆ ಧಸಕ್ಕೆಂದಿತು. ದರೋಡೆಯ ಮಾತು ಬರೋ ಹೊತ್ತಿಗೆ ಸಿನಿಮಾ ಎಷ್ಟೋ ದೂರ ಹೋಗಿರುತ್ತೆ!

ನೋಡದವರಿಗೆ ಎರಡೇ ಮಾತು: ಜ್ಯಾಕ್ ಮ್ಯಾನ್‌ಫ್ರೆಡ್ ಅಂತ ಒಬ್ಬ (ಕ್ಲೈವ್ ಓವನ್). ಕಾದಂಬರಿಕಾರ ಆಗೋ ಆಸೆ, ಜೇಬು ಖಾಲಿ. ದಕ್ಷಿಣ ಆಫ್ರಿಕಾದಲ್ಲಿರೋ ಅಪ್ಪ ಫೋನು ಮಾಡಿ ಲಂಡನ್ನಿನ ಕ್ಯಾಸಿನೊ ಒಂದರಲ್ಲಿ ಕೆಲಸಕ್ಕೆ ಹಚ್ಚುತ್ತಾನೆ. ರೂಲೆಟ್ ಚಕ್ರ ತಿರುಗಿಸೋದು (ನಂಬರಿನ ಚಕ್ರದಲ್ಲಿ ಗುಂಡು ಬಿಟ್ಟು, ಅದು ಯಾವ ನಂಬರಿಗೆ ಬೀಳುತ್ತೆ ಅಂತ ಪಣ ಕಟ್ಟೋ ಆಟ), ಕಾರ್ಡು ಹಂಚೋದು, ಗೆದ್ದವರಿಗೆ ಕೊಡೋದು, ಸೋತವರದ್ದು ಎಳ್ಕೊಳ್ಳೋದು. ಅದೇ ಕ್ರೂಪಿಯರ್ ಕೆಲಸ. ಇವನು ಮಾತ್ರ ಒಂದು ದಿನವೂ ಜೂಜಾಡಲ್ಲ, ನೋಡ್ತಾ ಇರ್ತಾನೆ.

ನನಗೆ ಬಹಳ ಇಷ್ಟದ ಸಿನಿಮಾ. ಆದರೆ ನಮ್ಮಲ್ಲಿ ಮುಕ್ಕಾಲು ಪಾಲು ಜನ ರೂಲೆಟ್ ಕಂಡವರಲ್ಲ. ಎದ್ದು ಹೋಗದ ಹಾಗೆ ಹೇಗೆ ಕೂರಿಸೋದು? ಅಥವಾ ಸುಮ್ಮನೆ ಬೇರೆ ಸಿನಿಮಾ ಹಾಕಲಾ?

ಸಾಗರದಿಂದ

ಬೇರೆ ಹಾಕಬೇಡಿ. ನಾವು ಇದೇ ಸಿನಿಮಾವನ್ನ ನಾಲ್ಕೈದು ವರ್ಷದ ಹಿಂದೆ ತೋರಿಸಿ ಕೈ ಸುಟ್ಕೊಂಡಿದ್ದೇವೆ. ತಪ್ಪು ಸಿನಿಮಾದ್ದಲ್ಲ, ನಮ್ಮದೇ. ಪೋಸ್ಟರಿನಲ್ಲಿ "ರೋಚಕ ಕ್ರೈಂ ಥ್ರಿಲ್ಲರ್" ಅಂತ ಬರೆದಿದ್ದೆವು. ಬಂದವರು ಕುರ್ಚಿ ತುದಿಯಲ್ಲಿ ಕೂತು ದರೋಡೆಗೆ ಕಾದರು. ಅರ್ಧಕ್ಕೆ ಚಹಾ ವಿರಾಮ ಬೇರೆ ಕೊಟ್ಟೆವು! ಚಹಾ ಕುಡಿದವರಲ್ಲಿ ಹನ್ನೊಂದು ಜನ ವಾಪಸ್ ಬರಲಿಲ್ಲ, ಲೋಟ ಎಣಿಸಿ ಗೊತ್ತಾಯ್ತು. ಒಂದೂವರೆ ಗಂಟೆಯ ಸಿನಿಮಾ, ವಿರಾಮ ಖಂಡಿತ ಬೇಡ. ಚಹಾ ಮೊದಲೇ ಕೊಟ್ಟುಬಿಡಿ.

ಇನ್ನೊಂದು. ನಮ್ಮ ಪಕ್ಕದ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಶುರುವಾಗಿದ್ದು 1973ರಲ್ಲಿ. ಅಡಿಕೆ ಸುಲಿಯೋ ಕೈಗಳು ಜಗತ್ತಿನ ಎಂತೆಂಥ ನಿಧಾನದ ಸಿನಿಮಾ ನೋಡಿವೆ ಇಲ್ಲಿ. ಹಾಗಾಗಿ "ನಮ್ಮ ಜನಕ್ಕೆ ತಾಳ್ಮೆ ಇಲ್ಲ" ಅನ್ನೋ ಮಾತು ನಾನು ಒಪ್ಪಲ್ಲ. ಏನು ನೋಡಬೇಕು ಅಂತ ಮೊದಲೇ ಸುಳ್ಳು ಹೇಳಬಾರದು, ಅಷ್ಟೆ.

ಮಂಗಳೂರಿನವ, ಈಗ ಇಂಗ್ಲೆಂಡಿನಲ್ಲಿ

ಮಾರಾಯ್ರೆ, ಈ ಪ್ರಶ್ನೆ ನನಗೇ ಕೇಳಿದ ಹಾಗೆ ಉಂಟು. ನಾನು ಐದು ವರ್ಷ ಕ್ರೂಸ್ ಹಡಗಿನ ಕ್ಯಾಸಿನೊದಲ್ಲಿ, ಮತ್ತೆ ಮೂರು ವರ್ಷ ಲಂಡನ್ನಿನಲ್ಲಿ ಡೀಲರ್, ಅಂದರೆ ಇದೇ ಕ್ರೂಪಿಯರ್, ಆಗಿ ದುಡಿದವ. ಈಗ ಬಿಟ್ಟಿದ್ದೇನೆ. ಯಾಕೆ ಅಂತ ಆಮೇಲೆ ಹೇಳ್ತೇನೆ.

ನಿಮ್ಮ ಜನರಿಗೆ ಒಂದೇ ಮಾತು ಹೇಳಿ: ಕೈ ನೋಡಿ. ಮುಖ ಅಲ್ಲ, ಕೈ. ಆ ಸಿನಿಮಾದಲ್ಲಿ ಜ್ಯಾಕ್ ಕೆಲಸ ಕೇಳ್ಲಿಕ್ಕೆ ಹೋದಾಗ ಅವನನ್ನು ಚಿಪ್ಸ್ (ದುಡ್ಡಿನ ಬದಲು ಇಡುವ ಬಿಲ್ಲೆ) ಕೊಟ್ಟು ಪರೀಕ್ಷೆ ಮಾಡ್ತಾರಲ್ಲ, ನಮಗೂ ಹಾಗೇ. ಇಪ್ಪತ್ತು ಚಿಪ್ಸಿನ ಒಂದು ಕಟ್ಟು. ಕಣ್ಣು ಆಟಗಾರನ ಮೇಲೆ ಇರ್ಬೇಕು, ಬೆರಳು ತಾನಾಗಿ ಐದೈದು ಬೇರೆ ಮಾಡ್ಬೇಕು. ಮೊದಲ ತಿಂಗಳು ನನ್ನ ಹೆಬ್ಬೆರಳ ಬುಡ ಊದಿ ಅನ್ನ ಕಲಸ್ಲಿಕ್ಕೂ ಆಗ್ತಿರ್ಲಿಲ್ಲ.

ಮತ್ತೆ ಲೆಕ್ಕ. ಮೇಜಿನಲ್ಲಿ ಬರೆದ ನಂಬರುಗಳಲ್ಲಿ ಒಂದೇ ನಂಬರಿನ ಮೇಲೆ ಇಟ್ಟು ಗೆದ್ದರೆ ಒಂದಕ್ಕೆ 35. ಎರಡು ನಂಬರಿನ ನಡುವಿನ ಗೆರೆ ಮೇಲೆ ಇಟ್ಟರೆ 17. ಮೂರರ ಸಾಲಿಗೆ 11, ನಾಲ್ಕು ಕೂಡುವ ಮೂಲೆಗೆ 8, ಆರಕ್ಕೆ 5. ಒಂದು ನಂಬರಿನ ಸುತ್ತ ಹತ್ತು ಜನ ಬೇರೆ ಬೇರೆ ಬಣ್ಣದ ಚಿಪ್ಸ್ ಗುಡ್ಡೆ ಹಾಕಿರ್ತಾರೆ, ಗುಂಡು ಬಿದ್ದ ಕೂಡಲೇ ಪ್ರತಿಯೊಬ್ಬರದ್ದೂ ತಲೆಯಲ್ಲೇ ಕೂಡ್ಬೇಕು. ಹದಿನೇಳರ ಮಗ್ಗಿ ತಪ್ಪಿದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಾಷ್ಟ್ರನ್ನು ನಡು ಸಮುದ್ರದಲ್ಲಿ ಎಷ್ಟು ಸಲ ನೆನೆದಿದ್ದೇನೋ ಲೆಕ್ಕ ಇಲ್ಲ.

ಮೇಜು ಬಿಟ್ಟು ಏಳುವಾಗ ಎರಡೂ ಅಂಗೈ ಮೇಲೆ ಮಾಡಿ ಕ್ಯಾಮೆರಾಕ್ಕೆ ತೋರಿಸ್ಬೇಕು, ಏನೂ ತಗೊಂಡಿಲ್ಲ ಅಂತ. ಪ್ಯಾಂಟಿಗೆ ಜೇಬಿಲ್ಲ, ಇದ್ದರೂ ಹೊಲಿದು ಮುಚ್ಚಿರ್ತಾರೆ. ನೋಟನ್ನು ಆಟಗಾರನ ಕೈಯಿಂದ ತಗೊಳ್ಳುವ ಹಾಗಿಲ್ಲ, ಅವ ಮೇಜಿನ ಮೇಲೆ ಇಡ್ಬೇಕು, ನಾವು ಬಿಡಿಸಿ ಹರಡಿ ಗಟ್ಟಿಯಾಗಿ ಹೇಳ್ಬೇಕು. ಇದೆಲ್ಲ ರೂಢಿಯಾಗಿ ಊರಿಗೆ ಬಂದಾಗ ಮೀನು ಮಾರ್ಕೆಟಿನಲ್ಲಿ ಚಿಲ್ಲರೆ ತಗೊಳ್ಳುವಾಗಲೂ ಅಂಗೈ ತಿರುಗಿಸಿ ತೋರಿಸಿದ್ದೆ. ಬಂಗುಡೆ ಮಾರುವ ಬಾಯಮ್ಮ "ಎಂತ, ಕೈಯಲ್ಲಿ ಭವಿಷ್ಯ ನೋಡ್ಬೇಕಾ" ಅಂತ ಕೇಳಿದ್ರು.

ಸಿನಿಮಾದ ಕಾಲಕ್ಕೆ ಬ್ರಿಟನ್ನಿನಲ್ಲಿ 1968ರ ಗೇಮಿಂಗ್ ಕಾಯ್ದೆ ಇತ್ತು. ಕ್ಯಾಸಿನೊ ಅಂದರೆ ಮೆಂಬರ್ ಆದವರಿಗೆ ಮಾತ್ರ. ಡೀಲರಿಗೆ ಟಿಪ್ಸ್ ಕೊಡುವ ಹಾಗೇ ಇರ್ಲಿಲ್ಲ. 2005ರ ಹೊಸ ಕಾಯ್ದೆ 2007ರಲ್ಲಿ ಪೂರ್ತಿ ಜಾರಿಗೆ ಬಂದ ಮೇಲೆ ನಾನು ಕೆಲಸಕ್ಕೆ ಸೇರಿದ್ದು, ಹಾಗಾಗಿ ನಮಗೆ ಟಿಪ್ಸ್ ಸಿಗ್ತಿತ್ತು. ಆಟಗಾರರ ಜೊತೆ ಹೊರಗೆ ಸಂಬಂಧ ಇಟ್ಕೊಳ್ಳಬಾರದು ಅನ್ನುವ ನಿಯಮ ಮಾತ್ರ ಅಂದೂ ಇಂದೂ ಒಂದೇ. ಅಲ್ಲಿ ಆಡ್ಲಿಕ್ಕೆ ಬರುವ ಜ್ಯಾನಿ ಅನ್ನುವ ಹೆಂಗಸು ಜ್ಯಾಕ್‌ನ ಹತ್ತಿರ ಬರುವಾಗ ನಿಮ್ಮ ಪ್ರೇಕ್ಷಕರಿಗೆ ಅದು ಬರೀ ಪ್ರೇಮ ಪ್ರಸಂಗ ಅಂತ ಕಾಣಬಾರದು. ಆ ನಿಯಮ ಗೊತ್ತಿದ್ದರೆ ಒಂದು ಕಾಫಿ ಕುಡಿಯುವುದೂ ಕಳ್ಳತನದ ಹಾಗೆ ಕಾಣ್ತದೆ. ನಿಧಾನ ಅನ್ನಿಸುವ ಆ ಭಾಗ ಆಗ ನಿಧಾನ ಅಲ್ಲ.

ಬಿಟ್ಟದ್ದು ಯಾಕೆ ಅಂದರೆ, ಒಂದು ರಾತ್ರಿ ಮೂರು ಗಂಟೆಗೆ ಒಬ್ಬ ಮುದುಕ ಕೊನೆಯ ಚಿಪ್ಸ್ ಇಟ್ಟ. ವಾರಕ್ಕೆ ಮೂರು ಸಲ ಬರುವವ, ನನ್ನ ಹತ್ತಿರ ಯಾವಾಗಲೂ ಒಳ್ಳೆದಾಗಿಯೇ ಮಾತಾಡ್ತಿದ್ದ. ಗುಂಡು ಸೊನ್ನೆಗೆ ಬಿತ್ತು. ನಾನು ಎಳ್ಕೊಂಡೆ. ಎಳ್ಕೊಳ್ಳುವಾಗ ಒಳಗೆ ಒಂದು ಸಣ್ಣ ಖುಷಿ ಆಯ್ತು ನೋಡಿ. ಸುಳ್ಳು ಹೇಳುದಿಲ್ಲ, ಖುಷಿಯೇ. ದುಡ್ಡು ನನಗೆ ಬರುದಿಲ್ಲ, ಅವ ನನಗೆ ಶತ್ರು ಅಲ್ಲ, ಆದರೂ. ಮನೆಗೆ ಬಂದು ನಿದ್ರೆ ಬರ್ಲಿಲ್ಲ. ಜ್ಯಾಕ್‌ನ ಚಟ ಅದುವೇ, ಬೇರೆಯವರು ಸೋಲುವುದನ್ನು ನೋಡುವುದು. ಸಿನಿಮಾದ ಕ್ರೈಂ ಯಾವುದು ಅಂತ ಯಾರಾದರೂ ಕೇಳಿದರೆ ನಾನು ದರೋಡೆ ಅನ್ಲಿಕ್ಕಿಲ್ಲ.

ಬೆಂಗಳೂರಿನಿಂದ

ಎದ್ದು ಹೋಗೋರು ಹೋಗ್ಲಿ ಬಿಡಿ ಸಾರ್. ಕೊನೇಲಿ ಬರೋ ಫೋನ್ ಕಾಲ್ ಮಾತ್ರ ಯಾರೂ ಮೊದಲೇ ಹೇಳಬೇಡಿ. ಹಾಗೇ ಚಿಕ್ಕ ಮಕ್ಕಳನ್ನ ಕರೀಬೇಡಿ, ಮಲಗೋ ಕೋಣೆಯ ದೃಶ್ಯಗಳಿವೆ.

ಒಂದು ತಮಾಷೆ: ಅದರಲ್ಲಿ ಆಟಗಾರರಿಗೆಲ್ಲ ‘ಪಂಟರ್’ ಅಂತಾರೆ. ನಮ್ಮ ರೇಸ್ ಕೋರ್ಸ್ ರಸ್ತೆ ಪಂಟರ್ ಕೂಡ ಅದೇ ಮನೆತನದವನೇ. ಆದ್ರೆ ಇಲ್ಲಿ ‘ಅವ್ನು ಭಾರಿ ಪಂಟರ್ ಕಣೋ’ ಅಂದ್ರೆ ಹೊಗಳಿಕೆ. ಲಂಡನ್ ಕ್ಯಾಸಿನೊದಲ್ಲಿ ಪಂಟರ್ ಅಂದ್ರೆ ಸೋಲೋಕೆ ಅಂತ ಬಂದವನು.

ಹುಬ್ಬಳ್ಳಿಯಿಂದ

ನಾ ಗಣಿತ ಮಾಸ್ತರ್ರಿ. ಗೋವಾದಾಗ ಮಾಂಡೋವಿ ನದ್ಯಾಗಿನ ಹಡಗ ಹತ್ತಿ ರೂಲೆಟ್ ನೋಡೇನಿ. ಆಡಿಲ್ಲಂತ ಹೇಳಿದ್ರ ನಮ್ಮನಿಯಾಕಿ ನಗತಾಳ, ಹಂಗಾಗಿ ಹೇಳಂಗಿಲ್ಲ.

ನಿಮಗ ರೂಲೆಟ್ ತಿಳಿಸಿ ಹೇಳಾಕ ಪವರ್‌ಪಾಯಿಂಟ್ ಬ್ಯಾಡ, ಹುಣಸಿ ಬೀಜ ಸಾಕು. ನಾ ನಮ್ಮ ಸಾಲ್ಯಾಗ ಮಾಡಿದ್ದು ಹಿಂಗ. ಡ್ರಾಯಿಂಗ್ ಹಾಳಿ ಮ್ಯಾಲ ಸೊನ್ನಿಯಿಂದ 36ರ ತನಕ ಬರೀರಿ, ಒಟ್ಟ 37 ಮನಿ ಆದವು. ಒಬ್ಬನ್ನ ಕರ್ದು 37 ಬೀಜ ಕೊಟ್ಟು ಎಲ್ಲಾ ಮನಿಗೂ ಒಂದೊಂದು ಇಡಪಾ ಅನ್ರಿ. ಈಗ ಯಾವ ನಂಬರ್ ಬಂದ್ರೂ ಇಂವಾ ಗೆದ್ದಂಗ. ಹೌದಿಲ್ಲೋ? ಹುಡುಗೂರೆಲ್ಲಾ ಹೋ ಅಂತಾವು. ಚೀಟಿ ಎತ್ರಿ. ಗೆದ್ದದ್ದಕ್ಕ 35 ಬೀಜ ಕೊಡ್ರಿ, ಇಟ್ಟ ಬೀಜ ಅಂವಂದ ಅಂವಗ, ಒಟ್ಟ 36. ಒಂದ ಬೀಜ ನಿಮ್ಮ ಡಬ್ಬಿಗೆ. ಮುಂದಿನ ಆಟಕ್ಕ ಮತ್ತ 37 ಬೇಕು, ಅಂವನ ಕಡೆ 36 ಅದಾವು, ಒಂದ ಸಾಲಾ ತಗೋಬೇಕು. ಹತ್ತ ಸಲ ಆಡಿಸ್ರಿ. ಪ್ರತಿ ಸಲ ಗೆದ್ದಾನ, ಹತ್ತ ಬೀಜ ಕಳಕೊಂಡಾನ. 37ಕ್ಕ ಒಂದು, ಅಂದ್ರ ನೂರಕ್ಕ 2.7. ಅಷ್ಟರ ಮ್ಯಾಲನ ಆ ಝಗಮಗ ದೀಪಾ, ಕನ್ನಡಿ, ಕಾರ್ಪೆಟ್ ಎಲ್ಲಾ ನಿಂತಾವು.

ನಮ್ಮ ಓಣ್ಯಾಗ ದೀಪಾವಳಿಗೆ ಅಂದರ್-ಬಾಹರ್ ಕುಂದ್ರತಿದ್ರು. ನಮ್ಮ ಕಾಕಾ ಆಡತಿದ್ದಿಲ್ಲ, ಆಡಸತಿದ್ದ. ಹಾಸಿಗಿ, ದೀಪಾ, ಚಾ ಎಲ್ಲಾ ಅಂವಂದ, ಪ್ರತಿ ಆಟಕ್ಕ ಇಷ್ಟು ಅಂತ ಮುರಕೋತಿದ್ದ. ಬೆಳಗ ಆಗೂದ್ರಾಗ ಗೆದ್ದಾಂವನ ಮಾರಿನೂ ಬಾಡಿರತಿತ್ತು, ಕಾಕಾನ ಮಾರಿ ಒಂದ ತಾಜಾ.

ಶಿವಮೊಗ್ಗದಿಂದ

ಮೇಲಿನ ಬೀಜದ ಲೆಕ್ಕ ಓದಿ ಒಂದು ಹೊಳೀತು. ನಾನು ಗಮಕ ಕೇಳಿಕೊಂಡೇ ಬೆಳೆದವಳು. ಸಭಾಪರ್ವದ ದ್ಯೂತ ಬಂದಾಗಲೆಲ್ಲ ನಮ್ಮ ಕಣ್ಣು ಧರ್ಮರಾಯನ ಮೇಲೆ, ಸೋಲುವವನ ಮೇಲೆ. ಆದರೆ ಅಲ್ಲಿ ಪಣದ ಒಡವೆ, ಹಣ ಎಲ್ಲ ದುರ್ಯೋಧನನದು, ದಾಳ ಉರುಳಿಸುವ ಕೈ ಮಾತ್ರ ಶಕುನಿಯದು. ಇನ್ನೊಬ್ಬನ ಹಣಕ್ಕೆ ಕೈಯಾಗಿ ಕೂತವನು. ‘ಕ್ರೂಪಿಯರ್’ ನೋಡೋಕೆ ನಮ್ಮ ಜನಕ್ಕೆ ಇದಕ್ಕಿಂತ ಒಳ್ಳೇ ಪೀಠಿಕೆ ಇಲ್ಲ: ಶಕುನಿಯ ಕಡೆ ಕುರ್ಚಿ ಹಾಕ್ಕೊಂಡು ಕೂತು ದ್ಯೂತ ನೋಡಿ. ವ್ಯತ್ಯಾಸ ಅಂದ್ರೆ ಶಕುನಿ ಮೋಸ ಮಾಡಬೇಕಾಯ್ತು. ಕ್ಯಾಸಿನೊಗೆ ಆ ಮೂವತ್ತೇಳನೇ ಮನೆ ಇದೆ, ಮೋಸದ ದರ್ದಿಲ್ಲ.

ಮೈಸೂರಿನಿಂದ

ಉಪಶೀರ್ಷಿಕೆ ಬಗ್ಗೆ ಯಾರೂ ಹೇಳಲಿಲ್ಲ. ನಾನು ನಮ್ಮ ಗೆಳೆಯರಿಗಾಗಿ ಈ ಸಿನಿಮಾದ ಮೊದಲ ಅರ್ಧಕ್ಕೆ ಕನ್ನಡದಲ್ಲಿ ಮಾಡಿದ್ದೆ, ಒಂದು ತೊಡಕು ಬಂತು. ಜ್ಯಾಕ್ ಮಾತಾಡೋದು ಒಂದು, ಅವನದೇ ದನಿಯಲ್ಲಿ ಹಿನ್ನೆಲೆಯಿಂದ ಬರೋ ಕಥನ ಇನ್ನೊಂದು. ಕಥನದಲ್ಲಿ ತನ್ನನ್ನೇ ‘ಅವನು’ ಅಂತಾನೆ, ತಾನು ಬರೀತಿರೋ ಕಾದಂಬರಿಯ ಪಾತ್ರದ ಥರ. ಆ ಪಾತ್ರಕ್ಕೆ ಜೇಕ್ ಅಂತ ಹೆಸರೂ ಇಡ್ತಾನೆ. ಎರಡನ್ನೂ ಒಂದೇ ಥರ ಬರೆದಾಗ ನಮ್ಮತ್ತೆ "ಇದು ಯಾರು ಯಾರ ವಿಷಯ ಹೇಳ್ತಿರೋದು?" ಅಂತ ಗೊಂದಲ ಬಿದ್ದರು.

ಆಮೇಲೆ ಮಾತಿಗೆ ಆಡುಗನ್ನಡ, ಕಥನಕ್ಕೆ ಗ್ರಾಂಥಿಕ ಮಾಡಿದೆ. ಗೆಳತಿ ಮೇರಿಯನ್ ಹತ್ತಿರ "ಬರ್ತೀನಿ, ಮಲ್ಕೋ" ಅಂತಾನೆ, ಹಿನ್ನೆಲೆಯಲ್ಲಿ "ಅವನು ಹೊರಟನು" ಅಂತ ಬರುತ್ತೆ. ಆ ಒಂದು ‘ನು’ ಸಾಕಾಯ್ತು. ಅತ್ತೆ ಆಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಕೊನೆಗೆ "ಎರಡನೆಯವನು ಒಳ್ಳೆಯವನಲ್ಲ" ಅಂದರು. ನಾನು ಇಡೀ ಸಿನಿಮಾದ ಬಗ್ಗೆ ಇಷ್ಟು ಚೆನ್ನಾಗಿ ಹೇಳಲಾರೆ.

ನಿರ್ದೇಶಕರ ಬಗ್ಗೆ ಪರಿಚಯದಲ್ಲಿ ಎರಡು ಸಾಲು ಸಾಕು. ಮೈಕ್ ಹಾಜಸ್, 1971ರಲ್ಲಿ ‘ಗೆಟ್ ಕಾರ್ಟರ್’ ಮಾಡಿದವರು, 2022ರಲ್ಲಿ ತೀರಿಕೊಂಡರು. ಬರೆದದ್ದು ಪಾಲ್ ಮೇಯರ್ಸ್‌ಬರ್ಗ್. ಇದು ತವರಿನಲ್ಲಿ ಮೊದಲು ಯಾರ ಕಣ್ಣಿಗೂ ಸರಿಯಾಗಿ ಬೀಳಲೇ ಇಲ್ಲ. 2000ದಲ್ಲಿ ಅಮೆರಿಕದಲ್ಲಿ ಜನ ಬಾಯಿಂದ ಬಾಯಿಗೆ ಹೇಳಿಕೊಂಡು ಓಡಿಸಿದ ಮೇಲೆ ಬ್ರಿಟನ್ನಿನಲ್ಲಿ ಮತ್ತೆ ಬಿಡುಗಡೆ ಆಯ್ತು. ಆಸ್ಕರ್ ಮಾತೂ ಎದ್ದಿತ್ತು. ಆದರೆ ಅಷ್ಟು ಹೊತ್ತಿಗೆ ನೆದರ್ಲೆಂಡ್ಸ್‌ನ ಟಿವಿಯಲ್ಲಿ ಬಂದುಹೋಗಿತ್ತು ಅನ್ನೋ ಕಾರಣಕ್ಕೆ ಅರ್ಹತೆಯೇ ಹೋಯ್ತು. ಬ್ರಿಟನ್ನಿನವರಿಗೇ ಕೂತು ನೋಡೋಕೆ ಎರಡು ವರ್ಷ ಹಿಡೀತು ಅಂತ ಹೇಳಿ, ನಿಮ್ಮ ಮೂವತ್ತು ಜನ ಒಂದೂವರೆ ಗಂಟೆ ಕೂರ್ತಾರೆ.

ಸಾಗರದಿಂದ, ಮತ್ತೆ

ಆಸ್ಕರ್ ಕಥೆ ಪರಿಚಯದಲ್ಲಿ ಬೇಡ ಅನ್ಸುತ್ತೆ ನನಗೆ. ದೊಡ್ಡ ಹೆಸರು ಕೇಳಿದ ಕೂಡಲೇ ಜನ ಮತ್ತೆ ಏನೋ ದೊಡ್ಡದಕ್ಕೆ ಕಾಯೋಕೆ ಶುರು ಮಾಡ್ತಾರೆ. ಸಿನಿಮಾ ಮುಗಿದ ಮೇಲೆ ಹೇಳಿ. ಬೀಜದ ಆಟ ಮಾತ್ರ ನಮಗೆ ಆಗ ಹೊಳೀಬೇಕಿತ್ತು, ಹನ್ನೊಂದು ಲೋಟ ಉಳೀತಿತ್ತು.

ಹಾಸನದಿಂದ, ಕೇಳಿದವರೇ

ಎಲ್ಲರಿಗೂ ದೊಡ್ಡ ನಮಸ್ಕಾರ. ಸಿನಿಮಾ ಬದಲಾಯಿಸಲ್ಲ. ವಾಟ್ಸಾಪ್‌ನಲ್ಲಿ ಹಾಕಿದ್ದ "ದರೋಡೆ" ಅಳಿಸಿ "ಜೂಜಾಡದವನ ಕಥೆ" ಅಂತ ಬರೆದೆ. ಕೂಡಲೇ ಇಬ್ಬರು ಬರಲ್ಲ ಅಂದರು, ಒಬ್ಬರು ಹೊಸದಾಗಿ ಬರ್ತೀನಿ ಅಂದರು. ಅವರು ನಿವೃತ್ತ ಬ್ಯಾಂಕ್ ಕ್ಯಾಷಿಯರ್. "ನಾನೂ ಮೂವತ್ತು ವರ್ಷ ಬೇರೆಯವರ ದುಡ್ಡು ಎಣಿಸಿದವನೇ" ಅಂತ ಬರೆದಿದ್ದಾರೆ.

ಹುಣಸೆ ಬೀಜ ಅಮ್ಮನ ಡಬ್ಬದಿಂದ ಎತ್ತಿದ್ದೇನೆ, ಅಳಗುಳಿ ಮಣೆಗೆ ಅಂತ ಇಟ್ಟಿದ್ದು. ಎಣಿಸಿ ಕೊಟ್ಟಿದ್ದಾರೆ, ಎಣಿಸಿಯೇ ವಾಪಸ್ ತಗೋತಾರಂತೆ. ಮಂಗಳೂರಿನವರು ಹೇಳಿದ ಮುದುಕನ ವಿಷಯ ಸಿನಿಮಾ ಆದಮೇಲೆ ಓದಬಹುದಾ, ಹೆಸರು ಊರು ಏನೂ ಹೇಳದೆ? ಮೈಸೂರಿನವರು ಉಳಿದರ್ಧಕ್ಕೂ ಉಪಶೀರ್ಷಿಕೆ ಮಾಡೋ ಮನಸ್ಸಿದ್ದರೆ ಅರ್ಧ ಕೆಲಸ ನಾನು ಹೊರ್ತೀನಿ. ‘ನು’ ಹಾಕೋದು ಮಾತ್ರ ನೀವೇ ನೋಡ್ಕೋಬೇಕು.